ಬೆಲ್ಲದಮ್ಮನ ಹಬ್ಬದಲ್ಲಿ ಅಮ್ಮನ ಪದ

ನಮ್ಮ ಅಡುಗೆಮನೆಯಲ್ಲಿ ಒಲೆಯ ಪಕ್ಕದ ಕೊಕ್ಕೆಗೆ ಒಂದು ಜೊತೆ ಉಣ್ಣೆಯ ಕೈಗವಸು ನೇತುಹಾಕಿದೆ. ಐದು ಬೆರಳಿಗೂ ಬೇರೆ ಬೇರೆ ಮನೆ ಇರುವ ಕೈಗವಸಲ್ಲ. ಹೆಬ್ಬೆರಳದು ಬೇರೆ ಸಂಸಾರ, ಉಳಿದ ನಾಲ್ಕರದು ಕೂಡುಕುಟುಂಬ. ಕಡುಕೆಂಪು ಬಣ್ಣ, ಅದರ ಮೇಲೆ ಬಿಳಿ ಮತ್ತು ಹಸಿರು ದಾರದಲ್ಲಿ ನಕ್ಷತ್ರಗಳ ಸಾಲು. ಸಿಂಗಪುರದಲ್ಲಿ ಉಣ್ಣೆಯ ಕೈಗವಸು ಯಾಕಪ್ಪ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಲ್ಲಿ ಚಳಿ ಅನ್ನುವುದು ಸಿಗುವುದು ಎಂಆರ್‌ಟಿ ರೈಲಿನೊಳಗೆ, ಅದು ಬಿಟ್ಟರೆ ಆಫೀಸಿನ ಮೀಟಿಂಗ್ ರೂಮಿನಲ್ಲಿ. ನಮ್ಮಮ್ಮ ಅದನ್ನು ಮಸಿಬಟ್ಟೆಯಾಗಿ ಬಳಸುತ್ತಾಳೆ. ಕುಕ್ಕರ್ ಇಳಿಸುವಾಗ ಒಂದು ಕೈಗೆ, ಮುದ್ದೆ ಪಾತ್ರೆ ಹಿಡಿಯುವಾಗ ಎರಡೂ ಕೈಗೆ. ಒಂದು ನಕ್ಷತ್ರದ ಮೇಲೆ ಬಸ್ಸಾರಿನ ಕಲೆ ಬಿದ್ದು ಅದು ಈಗ ಸೂರ್ಯನ ಹಾಗೆ ಕಾಣುತ್ತದೆ.

ಹೆಣೆದುಕೊಟ್ಟವರಿಗೆ ಇದನ್ನು ಹೇಳುವುದೋ ಬೇಡವೋ ಎಂದು ನಾನು ಒಂದು ತಿಂಗಳು ಒದ್ದಾಡಿದೆ. ಕೊನೆಗೊಂದು ದಿನ ಅವರೇ ನಮ್ಮ ಅಡುಗೆಮನೆಗೆ ಬಂದು ಕಣ್ಣಾರೆ ಕಂಡು, ಗೋಡೆ ಹಿಡಿದುಕೊಂಡು ನಕ್ಕರು.

ಅವರ ಹೆಸರು ವೆಲ್ಟಾ. ಲಾಟ್ವಿಯಾ ದೇಶದವರು. ಜುರಾಂಗ್ ವೆಸ್ಟಿನ ನಮ್ಮ ಬ್ಲಾಕಿನಲ್ಲಿ, ನಮ್ಮದೇ ಮಹಡಿಯಲ್ಲಿ, ಕಾರಿಡಾರಿನ ಆ ತುದಿಯ ಮನೆ. ಅಳಿಯ ಹಡಗುಗಳ ತಪಾಸಣೆ ಮಾಡುವವನು, ಮಗಳು ರಾಫೆಲ್ಸ್ ಪ್ಲೇಸಿನ ಬ್ಯಾಂಕಿನಲ್ಲಿ. ಮೂರು ವರ್ಷದ ಮೊಮ್ಮಗಳನ್ನು ನೋಡಿಕೊಳ್ಳಲು ಅರವತ್ತು ದಾಟಿದ ಈಕೆ ಬಂದಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ಕೆ.ಆರ್. ಪೇಟೆ ಕಡೆಯ ನಮ್ಮ ಹಳ್ಳಿಯಿಂದ ನನ್ನ ಜೊತೆ ಬಂದಿರುವ ಅಮ್ಮನಿಗೆ ಎಪ್ಪತ್ತಾರು. ಅಮ್ಮನ ನಾಲಿಗೆಗೆ ವೆಲ್ಟಾ ಹೊರಳಲಿಲ್ಲ. ಮೊದಲ ದಿನ ವೆಲ್ಡಮ್ಮ ಅಂದಳು, ಎರಡನೆಯ ದಿನ ಬೆಲ್ಡಮ್ಮ, ವಾರ ಕಳೆಯುವ ಹೊತ್ತಿಗೆ ಬೆಲ್ಲದಮ್ಮ. ಅದೇ ನಿಂತಿತು. ಈಗ ಆ ಮೂರು ವರ್ಷದ ಮಗು ಕೂಡ ತನ್ನ ಅಜ್ಜಿಯನ್ನು ಬೆಲ್ಲದಮ್ಮ ಎಂದು ಕರೆಯುತ್ತದೆ.

ಪರಿಚಯವಾದ ದಿನ ನಾನು ಸ್ವಲ್ಪ ಜಂಬ ಮಾಡಿದೆ. ಲಾಟ್ವಿಯಾ ಅಂದ ಕೂಡಲೆ, "ಓ, ರೀಗಾ ಬಂದರಿಗೆ ನಾನು ಹೋಗಿದ್ದೇನೆ" ಅಂದೆ. ಸುಳ್ಳಲ್ಲ. ಮರೈನ್ ಎಂಜಿನಿಯರ್ ಆಗಿ ಹಡಗಿನಲ್ಲಿದ್ದ ಹೊಸದರಲ್ಲಿ ಒಂದು ಚಳಿಗಾಲ ಮೂರು ದಿನ ಅಲ್ಲಿ ಲಂಗರು ಹಾಕಿದ್ದೆವು.

ವೆಲ್ಟಾರ ಮುಖ ಅರಳಿತು. "ಏನೇನು ನೋಡಿದಿರಿ?"

"ಒಂದು ಕೂಲಿಂಗ್ ಪಂಪ್ ಕೆಟ್ಟಿತ್ತು," ಅಂದೆ. "ಅದನ್ನು ನೋಡಿದೆ."

ಮೂರು ದಿನದಲ್ಲಿ ನಾನು ಎಂಜಿನ್ ರೂಮಿನಿಂದ ಮೇಲೆ ಬಂದದ್ದು ಒಂದೇ ಸಲ. ಆಗ ಬಿಳಿ ಕಂಡಿತು. ಅದು ಹಿಮವೋ ಮಂಜೋ ಗೊತ್ತಾಗುವ ಮೊದಲೇ ಕೆಳಗಿನಿಂದ ಕೂಗು ಬಂತು. ಒಂದು ದೇಶಕ್ಕೆ ಹೋಗಿ ಅದರ ಪಂಪನ್ನೂ ಅಲ್ಲ, ನಮ್ಮದೇ ಹಡಗಿನ ಪಂಪನ್ನು ನೋಡಿ ಬಂದವನು ನಾನು. ಆಮೇಲೆ ಆ ದೇಶದ ಬಗ್ಗೆ ನನಗೆ ತಿಳಿದದ್ದೆಲ್ಲ ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಅನ್ನುವ ತೆರೆದ ಜಗಲಿಯ ಕಲ್ಲುಬೆಂಚಿನ ಮೇಲೆ, ಬೆಲ್ಲದಮ್ಮನ ಬಾಯಿಂದ.

ಅಮ್ಮನಿಗೂ ಬೆಲ್ಲದಮ್ಮನಿಗೂ ಸಾಮಾನ್ಯವಾದ ಭಾಷೆ ಯಾವುದೂ ಇಲ್ಲ. ಅಮ್ಮ ಕನ್ನಡದಲ್ಲಿ ಮಾತಾಡುತ್ತಾಳೆ, ಅವರು ಲಾಟ್ವಿಯನ್ನಿನಲ್ಲಿ. ಇಬ್ಬರೂ ಹೂಂಗುಟ್ಟುತ್ತಾರೆ. ಸಂಜೆ ನಾನು ಈಗ ಕೆಲಸ ಮಾಡುವ ಹಡಗು ರಿಪೇರಿಯ ಯಾರ್ಡಿನಿಂದ ಬರುವ ಹೊತ್ತಿಗೆ ಸೊಸೆ, ಮಗಳು, ಮಂಡಿನೋವು, ಇಲ್ಲಿನ ಹಾಲಿಗೆ ಕೆನೆ ಕಟ್ಟದಿರುವುದು, ಎಲ್ಲ ವಿಷಯವೂ ಇತ್ಯರ್ಥವಾಗಿರುತ್ತದೆ. ಅವರು ಹೆಣೆಯುವುದನ್ನು ಅಮ್ಮ ಒಂದು ವಾರ ಸುಮ್ಮನೆ ನೋಡಿದಳು. ಆಮೇಲೆ ನನ್ನನ್ನು ಕರೆದು, "ನೋಡೋ, ಇದು ನಮ್ಮ ಎಂಟೆಳೆ ರಂಗೋಲಿ. ಇವರು ದಾರದಲ್ಲಿ ಬಿಡ್ತಾರೆ, ಅಷ್ಟೆ" ಅಂದಳು. ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಬೆಲ್ಲದಮ್ಮ ಸೂಜಿ ಕೆಳಗಿಟ್ಟರು. ಅವರ ಕಡೆ ಒಂದೊಂದು ಸೀಮೆಗೂ ಒಂದೊಂದು ನಕ್ಷೆಯಂತೆ. ಕೈಗವಸು ನೋಡಿಯೇ ಇವಳು ಯಾವ ಊರಿನ ಹೆಣ್ಣು ಎಂದು ಹೇಳುತ್ತಿದ್ದರಂತೆ. ಮದುವೆಯಾಗುವ ಹುಡುಗಿ ಪೆಟ್ಟಿಗೆ ತುಂಬ ಕೈಗವಸು ಹೆಣೆದು ಒಯ್ಯಬೇಕು. ಅತ್ತೆಗೊಂದು ಜೊತೆ, ಮಾವನಿಗೊಂದು, ಮೈದುನ ನಾದಿನಿಯರಿಗೆ, ಕೊನೆಗೆ ದನದ ಕೊಟ್ಟಿಗೆಯ ಬಾಗಿಲಿಗೂ ಒಂದು ಇಟ್ಟು ಕೈಮುಗಿಯಬೇಕು. ಇದನ್ನು ಕೇಳಿ ಅಮ್ಮ, "ಕೊಟ್ಟಿಗೆಗೂ ಇಟ್ರಾ, ಸರಿಯಾದ ಜನ ಕಣೋ" ಅಂದಳು. ಅಮ್ಮನಿಂದ ಆ ಸರ್ಟಿಫಿಕೇಟು ನನ್ನ ಹೆಂಡತಿಯ ತವರಿನವರಿಗೂ ಇನ್ನೂ ಸಿಕ್ಕಿಲ್ಲ.

ಬೆಲ್ಲದಮ್ಮ ತಮ್ಮ ಊರಿನ ಹಾಡಿನ ಮಾತು ಎತ್ತಿದ್ದು ಒಂದು ಭಾನುವಾರ. ಅವು ನಾಲ್ಕೇ ಸಾಲಿನ ಪದಗಳು. ಬಿತ್ತುವಾಗ, ಬೀಸುವಾಗ, ಮಗು ತೂಗುವಾಗ, ಹೆಣ ಎತ್ತುವಾಗ ಹೆಂಗಸರು ಹಾಡಿಕೊಂಡವು. ಪುಸ್ತಕದಲ್ಲಿ ಇರಲಿಲ್ಲ. ಹಿಂದೊಂದು ಕಾಲದಲ್ಲಿ ಅವನ್ನೆಲ್ಲ ಚೀಟಿಗಳ ಮೇಲೆ ಬರೆಸಿ ತರಿಸಿ, ಅದಕ್ಕೆಂದೇ ಮಾಡಿಸಿದ ಬೀರುವಿನ ಪುಟ್ಟಪುಟ್ಟ ಡ್ರಾಯರುಗಳಲ್ಲಿ ಜೋಡಿಸಿಟ್ಟರಂತೆ. ಆ ಬೀರು ಈಗಲೂ ಇದೆ. "ನಮಗೆ ದೊಡ್ಡ ಅರಮನೆ ಇಲ್ಲ, ಜಗತ್ತು ಗೆದ್ದ ರಾಜ ಇಲ್ಲ," ಎಂದರು ಬೆಲ್ಲದಮ್ಮ. "ಜರ್ಮನರು ಆಳಿದರು, ಸ್ವೀಡನ್ನಿನವರು ಆಳಿದರು, ರಷ್ಯನ್ನರು ಆಳಿದರು. ನಮ್ಮದು ಅಂತ ಉಳಿದದ್ದು ಆ ಬೀರು." ಹೇಳುವಾಗ ಅವರ ಬೆನ್ನು ನೆಟ್ಟಗಾಗಿತ್ತು. ತಮ್ಮ ಇಪ್ಪತ್ತೈದರ ಆಸುಪಾಸಿನಲ್ಲಿ ಅವರು ಆ ಪ್ರಸಿದ್ಧವಾದ ಸಾಲಿನಲ್ಲಿ ನಿಂತಿದ್ದವರು: ಎಸ್ಟೋನಿಯಾದಿಂದ ಹೊರಟು ಲಾಟ್ವಿಯಾ ಹಾಯ್ದು ಲಿಥುವೇನಿಯಾದವರೆಗೆ, ಮೂರು ದೇಶದ ಜನ ರಸ್ತೆಯುದ್ದಕ್ಕೂ ಕೈಕೈ ಹಿಡಿದು ನಿಂತು ನಮ್ಮ ನಾಡು ನಮಗೆ ಬೇಕು ಅಂದರಲ್ಲ, ಅದರಲ್ಲಿ. ಅವರ ಎಡಗೈ ಹಿಡಿದಿದ್ದವನು ಯಾರೋ ಹಾಲಿನ ಲಾರಿಯ ಡ್ರೈವರ್, ಬಲಗೈ ಹಿಡಿದಿದ್ದವರು ಅವರ ಅಮ್ಮ. "ಕೂಗಲಿಲ್ಲ, ಕಲ್ಲೆಸೆಯಲಿಲ್ಲ. ಹಾಡಿದೆವು. ನಮ್ಮಮ್ಮ ಬೀಸುವಾಗ ಹಾಡುತ್ತಿದ್ದದ್ದನ್ನೇ ಹೈವೇ ಮೇಲೆ ನಿಂತು ಹಾಡಿದಳು," ಅಂದರು.

ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಅಮ್ಮ ಹಾಡುತ್ತಾರಾ?" ಎಂದು ಕೇಳಿದರು.

"ಇಲ್ಲ" ಅಂದೆ.

ಇಲ್ಲಿ ನಾನು ನಿಮಗೆ ಒಂದು ವಿಷಯ ಹೇಳಬೇಕು. ಆ ಇಲ್ಲ ಅನ್ನುವುದು ಪೂರ್ತಿ ನಿಜವಲ್ಲ.

ನಾನು ಚಿಕ್ಕವನಿದ್ದಾಗ ಬೆಳಗಾಗುತ್ತಿದ್ದದ್ದೇ ಅಮ್ಮನ ಪದದಿಂದ. ಬೀಸುವ ಕಲ್ಲಿನ ಮುಂದೆ ಒಂದು ಕಾಲು ಚಾಚಿ ಕೂತ ಅಮ್ಮ, ಆ ತೊಡೆಯ ಮೇಲೆ ತಲೆಯಿಟ್ಟು ಅರೆನಿದ್ದೆಯಲ್ಲಿ ನಾನು. ಕಲ್ಲು ತಿರುಗಿದಂತೆ ತೊಡೆ ಅಲುಗುತ್ತಿತ್ತು, ತಲೆ ಅಲುಗುತ್ತಿತ್ತು, ಪದವೂ ಅಲುಗುತ್ತ ಕಿವಿಗೆ ಬೀಳುತ್ತಿತ್ತು. ಎದ್ದಾಗ ನನ್ನ ಹುಬ್ಬಿನ ಮೇಲೆ ರಾಗಿಹಿಟ್ಟು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವುದು ನಿಂತರೂ ಮದುವೆಮನೆಯಲ್ಲಿ ಅಮ್ಮನಿಗೆ ಬಿಡುವಿರಲಿಲ್ಲ. ಬೀಗರ ಹಾಡಿನಲ್ಲಿ ಅವಳನ್ನು ಮೀರಿಸುವವರು ಸುತ್ತ ಹತ್ತೂರಲ್ಲಿ ಇರಲಿಲ್ಲ. ಎದುರಿಗೆ ಕೂತ ಬೀಗರ ಮೀಸೆ, ಮುಂಡಾಸು, ಊಟದಲ್ಲಿ ಮೂರನೇ ಸಲ ಪಾಯಸ ಹಾಕಿಸಿಕೊಂಡದ್ದು, ಎಲ್ಲವನ್ನೂ ನಿಂತ ನಿಲುವಿನಲ್ಲೇ ಪದ ಕಟ್ಟಿ ಹಂಗಿಸುತ್ತಿದ್ದಳು. ಬೈಸಿಕೊಂಡವರೇ ಇನ್ನೊಂದು ಹೇಳವ್ವ ಅನ್ನುತ್ತಿದ್ದರು.

ನನ್ನ ಮದುವೆ ಆದದ್ದು ಬೆಂಗಳೂರಿನ ಒಂದು ಕಲ್ಯಾಣ ಮಂಟಪದಲ್ಲಿ. ನನ್ನ ಕಂಪನಿಯ ಇಬ್ಬರು ಸಾಹೇಬರು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಅಮ್ಮ ಎದ್ದು ನಿಂತು, ಸೊಂಟಕ್ಕೆ ಸೆರಗು ಸಿಕ್ಕಿಸಿ, ನನ್ನ ಮಾವನವರ ಕಡೆ ಕೈ ತೋರಿಸಿ ಮೊದಲ ಸಾಲು ಎತ್ತಿದಳು. ನಾನು ಹಸೆಮಣೆಯಿಂದ ಎದ್ದು ಹೋಗಿ ಅವಳ ಕಿವಿಯಲ್ಲಿ, "ಅಮ್ಮ, ಇದೆಲ್ಲ ಇಲ್ಲಿ ಬೇಡ. ಜನ ನೋಡ್ತಿದಾರೆ" ಅಂದೆ.

ಅಮ್ಮ ಸೆರಗು ಬಿಚ್ಚಿ ಹೊದ್ದುಕೊಂಡು ಕೂತಳು. ಅಷ್ಟೆ. ಜಗಳವಾಡಲಿಲ್ಲ, ಮುಖ ಊದಿಸಲಿಲ್ಲ. ಮಧ್ಯಾಹ್ನ ನನಗೆ ಊಟ ಸರಿಯಾಯಿತೇ ಎಂದು ಕೇಳಿದಳು. ಆದರೆ ಆಮೇಲೆ ತಂಗಿಯ ಮದುವೆಯಲ್ಲೂ ಹಾಡಲಿಲ್ಲ, ಮೊಮ್ಮಗಳ ನಾಮಕರಣದಲ್ಲೂ ಹಾಡಲಿಲ್ಲ. ಅದನ್ನು ನಾನು ಗಮನಿಸಲೂ ಇಲ್ಲ ಅನ್ನುವುದು ನನ್ನ ಹೆಚ್ಚುಗಾರಿಕೆ. ಹತ್ತು ವರ್ಷವಾದ ಮೇಲೆ ನನ್ನ ಹೆಂಡತಿ ಶೈಲಜಾ ಒಂದು ದಿನ, "ಅತ್ತೆ ಮೊದಲು ಹಾಡ್ತಿದ್ರಂತಲ್ಲ, ಯಾಕ್ ಬಿಟ್ರು?" ಎಂದು ಕೇಳಿದಾಗ, ನಾನು ಪೇಪರಿನಲ್ಲಿ ಮುಖ ಇಟ್ಟುಕೊಂಡು, "ವಯಸ್ಸಾಯ್ತಲ್ಲ" ಅಂದಿದ್ದೆ.

ಜೂನ್ ತಿಂಗಳಲ್ಲಿ ಬೆಲ್ಲದಮ್ಮ ನಮ್ಮನ್ನು ಹಬ್ಬಕ್ಕೆ ಕರೆದರು. ಅವರ ನಾಡಿನಲ್ಲಿ ಅದು ವರ್ಷದ ದೊಡ್ಡ ಹಬ್ಬ. ಅತಿ ಉದ್ದನೆಯ ಹಗಲಿನ ಹಬ್ಬ. ಆ ದಿನ ಅಲ್ಲಿ ಕತ್ತಲೆ ಬಂದಂತೆ ಮಾಡಿ ಹೊರಟುಹೋಗುತ್ತದಂತೆ. ಜನ ಬೆಂಕಿ ಹಾಕಿಕೊಂಡು, ತಲೆಗೆ ಓಕ್ ಮರದ ಎಲೆಯ ಕಿರೀಟ ಇಟ್ಟುಕೊಂಡು, ಮಲಗದೆ ಹಾಡುತ್ತಾರೆ. ಸೋವಿಯತ್ ಕಾಲದಲ್ಲಿ ಈ ಹಬ್ಬ ಕಂಡರೆ ಸರ್ಕಾರಕ್ಕೆ ಆಗುತ್ತಿರಲಿಲ್ಲವಂತೆ, ಆದರೂ ಬಿಡಲಿಲ್ಲ. ಸಿಂಗಪುರದಲ್ಲಿ ಇದನ್ನು ಮಾಡುವುದು ಹೇಗೆ ಎಂದು ಯೋಚಿಸಿ ನೋಡಿ. ಇಲ್ಲಿನ ಸೂರ್ಯ ಸರ್ಕಾರಿ ನೌಕರ. ವರ್ಷವಿಡೀ ಬೆಳಿಗ್ಗೆ ಏಳಕ್ಕೆ ಡ್ಯೂಟಿಗೆ ಬರುತ್ತಾನೆ, ಸಂಜೆ ಏಳಕ್ಕೆ ಇಳಿಯುತ್ತಾನೆ, ಓವರ್‌ಟೈಮ್ ಅನ್ನುವುದೇ ಇಲ್ಲ. ಅತಿ ಉದ್ದನೆಯ ಹಗಲು ಉಳಿದ ಹಗಲಿಗಿಂತ ಐದಾರು ನಿಮಿಷ ಹೆಚ್ಚಿರಬಹುದು. ಬೆಂಕಿ ಹಾಕಲು ಈಸ್ಟ್ ಕೋಸ್ಟ್ ಪಾರ್ಕಿನಲ್ಲಿ ಬಾರ್ಬೆಕ್ಯೂ ಒಲೆ ಬುಕ್ ಮಾಡಬೇಕು. ಓಕ್ ಮರ ಇಲ್ಲ. ಪಾರ್ಕಿನ ಮರದಿಂದ ಎಲೆ ಕಿತ್ತರೆ ದಂಡ.

ಎಲೆಯ ಸಮಸ್ಯೆಯನ್ನು ಬಿಡಿಸಿದವಳು ಅಮ್ಮ. "ಲಿಟಲ್ ಇಂಡಿಯಾದಲ್ಲಿ ಮಾವಿನೆಲೆ ಸಿಗುತ್ತಲ್ಲ, ತೋರಣ ಕಟ್ಟೋ ಹಂಗೆ ಕಟ್ಟಿ ತಲೆಗೆ ಸುತ್ತಿದ್ರಾಯ್ತು" ಅಂದಳು. ಎರಡು ದಿನ ನಮ್ಮ ನಡುಮನೆಯ ನೆಲದ ಮೇಲೆ ಇಬ್ಬರೂ ಕಾಲು ಚಾಚಿ ಕೂತು ಇಪ್ಪತ್ತೈದು ಕಿರೀಟ ಕಟ್ಟಿದರು. ನನ್ನ ಹದಿನಾಲ್ಕು ವರ್ಷದ ಮಗಳು ನಿಧಿ ಒಂದನ್ನು ಬಾಗಿಲಿಗೆ ನೇತುಹಾಕಿ, ಇಲ್ಲಿನವರ ಹಾಗೆ ಮಾತಿನ ಕೊನೆಗೊಂದು ಲಾ ಸೇರಿಸಿ, "ಸೇಮ್ ಸೇಮ್ ಲಾ" ಅಂದಳು.

ಹಬ್ಬದ ಸಂಜೆ ಸಮುದ್ರದ ದಂಡೆಯಲ್ಲಿ ಸುಮಾರು ಮೂವತ್ತು ಜನ. ಲಾಟ್ವಿಯಾದವರು, ನಾಲ್ಕಾರು ಎಸ್ಟೋನಿಯಾದವರು, ಒಬ್ಬ ಫಿನ್ಲೆಂಡಿನವನು, ಮತ್ತೆ ನಾವು ನಾಲ್ವರು, ಒಂದು ದೊಡ್ಡ ಪಾತ್ರೆ ಪುಳಿಯೋಗರೆಯೊಂದಿಗೆ. ಬೆವರು ಧಾರಾಕಾರ. ಆ ಬೆವರಿನಲ್ಲೂ ಬೆಂಕಿ ಹಾಕಿ ಅದರ ಸುತ್ತ ನಿಂತರು. ಮಾವಿನೆಲೆಯ ಕಿರೀಟ ತೊಟ್ಟ ಆರಡಿ ಎತ್ತರದ ಗಂಡಸರು ಯಾವುದೋ ಗೃಹಪ್ರವೇಶದ ಬಾಗಿಲುಗಳ ಹಾಗೆ ಕಾಣುತ್ತಿದ್ದರು. ಹಾಡು ಶುರುವಾಯಿತು. ಒಬ್ಬರು ಒಂದು ಸಾಲು ಎತ್ತುವುದು, ಉಳಿದವರು "ಲೀಗೋ, ಲೀಗೋ" ಎಂದು ಎಳೆಯುವುದು. ಅಮ್ಮ ಮಡಚುವ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದವಳು, ಬೆರಳಿನಿಂದ ಮಂಡಿಯ ಮೇಲೆ ತಾಳ ಹಾಕತೊಡಗಿದ್ದಳು.

ಸ್ವಲ್ಪ ಹೊತ್ತಾದ ಮೇಲೆ ಹಾಡಿನ ಧಾಟಿ ಬದಲಾಯಿತು. ಬೆಲ್ಲದಮ್ಮ ಮತ್ತು ಐದಾರು ಹೆಂಗಸರು ನಮ್ಮ ಕಡೆ ತಿರುಗಿ, ನಮ್ಮನ್ನೇ ನೋಡುತ್ತ, ನಗುತ್ತ ಹಾಡಿದರು. ಎಲ್ಲರೂ ಗೊಳ್ಳೆಂದರು. ಬೆಲ್ಲದಮ್ಮ ಅರ್ಥ ಹೇಳಿದರು: ಬಿಸಿಲ ನಾಡಿನ ನೆಂಟರು ದೊಡ್ಡ ಪಾತ್ರೆ ಹೊತ್ತು ಬಂದರು, ಬಾಯಿ ಮಾತ್ರ ಮನೆಯಲ್ಲೇ ಮರೆತು ಬಂದರು. ಇದು ಹಬ್ಬದ ಪದ್ಧತಿಯಂತೆ. ಒಂದು ಗುಂಪು ಇನ್ನೊಂದನ್ನು ಹಾಡಿನಲ್ಲಿ ಹಂಗಿಸಬೇಕು, ಅವರು ಹಾಡಿನಲ್ಲೇ ತಿರುಗಿ ಕೊಡಬೇಕು. ಕೊಡದಿದ್ದರೆ ಸೋತಂತೆ.

ನಾನು ಸಂಭಾವಿತನಂತೆ ನಕ್ಕು, ಕೈ ಆಡಿಸಿ, "ನಮ್ಮಲ್ಲಿ ಹಾಡುವವರಿಲ್ಲ, ಸೋತೆವು" ಎಂದು ಹೇಳಿದೆ.

ಅಮ್ಮ ನಿಧಿಯ ತೋಳು ಎಳೆದಳು. "ಏನಂತವ್ವ?"

"ಅಜ್ಜಿ, ಅವರು ನಮ್ಮನ್ನ ಟೀಸ್ ಮಾಡ್ತಿದಾರೆ. ಸಾಂಗ್‌ನಲ್ಲಿ. ಬ್ಯಾಡ್ ಅಲ್ಲ, ಫನ್ನಿ ಟೀಸ್ ಲಾ."

"ಹಾಡಲ್ಲಿ ಬೈತವ್ರಾ?"

"ಹೂಂ. ನಾವೂ ಬ್ಯಾಕ್ ಬೈಬೇಕಂತೆ. ಅಪ್ಪ ನಾವು ಲೂಸ್ ಆದ್ವಿ ಅಂತ ಹೇಳ್ಬಿಟ್ರು."

ಅಮ್ಮ ನನ್ನ ಕಡೆ ನೋಡಿದಳು. "ಬೀಗರ ಹಾಡೇನೋ ಇದು?"

"ಹಾಗೇ ಕಾಣುತ್ತಮ್ಮ."

ಅವಳು ಕುರ್ಚಿಯಿಂದ ಅರ್ಧ ಎದ್ದು, ಅರ್ಧ ಎದ್ದಲ್ಲೇ ನಿಂತು, ಮೆತ್ತಗೆ ಕೇಳಿದಳು: "ಹಾಡ್ಲಾ?"

ಆ ಒಂದು ಪದ ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಎಪ್ಪತ್ತಾರು ವರ್ಷದ ಹೆಂಗಸು, ಹತ್ತೂರಿನ ಬೀಗರನ್ನು ಅಲ್ಲಾಡಿಸಿದವಳು, ನನ್ನ ಅಪ್ಪಣೆ ಕೇಳುತ್ತಿದ್ದಳು. ಅವಳ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಜಾಗ ಮಾಡಿಕೊಟ್ಟು, "ಹಾಡಮ್ಮ" ಅಂದೆ.

ಅಮ್ಮ ಪೂರ್ತಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬೆಂಕಿಯ ಸುತ್ತ ನಿಂತವರನ್ನು ಒಮ್ಮೆ ಅಳೆದು ನೋಡಿದಳು.

ಎಲೆಯ ಕಿರೀಟದ ಬೆಳ್ಳಾನೆ ಬೀಗರೆ
ತಲೆಯ ಮುಚ್ಕೊಂಡು ಕೂತ್ಕೊಳ್ಳಿ | ಮೇಕೆಗಳು
ಬಲು ಹಸಿದು ಬಂದಾವು ಮೇಯೋಕೆ

ದನಿ ಮೊದಲ ಸಾಲಿನಲ್ಲಿ ನಡುಗಿತು, ಎರಡನೆಯದರಲ್ಲಿ ದಾರಿ ಹಿಡಿಯಿತು, ಮೂರನೆಯದು ಸಮುದ್ರದ ಮೇಲೆ ಹೋಯಿತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಎದ್ದು ನಿಂತು ಇಂಗ್ಲಿಷಿನಲ್ಲಿ ಅರ್ಥ ಹೇಳಿದೆ. ಬೀಗರು ಅನ್ನುವುದಕ್ಕೆ ಸರಿಯಾದ ಇಂಗ್ಲಿಷ್ ಪದ ಸಿಗದೆ, ಮದುವೆಯಿಂದ ನೆಂಟರಾದವರು ಅಂದುಬಿಟ್ಟೆ. ದಾಡಿಯವನೊಬ್ಬ ಗಾಬರಿಯಿಂದ, ಯಾರಿಗೆ ಯಾರ ಜೊತೆ ಮದುವೆ ಎಂದು ಕೇಳಿದ. ಮೇಕೆಯ ವಿಷಯಕ್ಕೆ ಬಂದಾಗ ಅವನೇ ಕಿರೀಟವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ಕೂತ. ಆ ನಗು ನಿಲ್ಲುವವರೆಗೂ ಹಾಡು ಮುಂದುವರಿಯಲಿಲ್ಲ.

ಬೆಲ್ಲದಮ್ಮನ ಗುಂಪು ತಲೆ ಸೇರಿಸಿ ಪಿಸುಗುಟ್ಟಿ ಉತ್ತರ ಕಟ್ಟಿತು: ಮೇಕೆ ಬರಲಿ ಬಿಡಿ, ನಮ್ಮ ತಲೆಯಲ್ಲಿ ಎಲೆಯಾದರೂ ಇದೆ, ನಿಮ್ಮ ಅರ್ಥ ಹೇಳುವವನ ತಲೆಯಲ್ಲಿ ಕೂದಲೂ ಇಲ್ಲ. ಇದನ್ನು ನಾನೇ ಕನ್ನಡಕ್ಕೆ ತಂದು ಅಮ್ಮನಿಗೆ ಹೇಳಬೇಕಾಯಿತು. ಮಗನ ಪರವಾಗಿ ಕತ್ತಿ ಹಿರಿಯುತ್ತಾಳೆ ಎಂದುಕೊಂಡೆ. ಅವಳು ನನ್ನ ಬೋಳುತಲೆಯನ್ನು ಒಂದು ಗಳಿಗೆ ನೋಡಿ, ಅವರ ಪಕ್ಷವನ್ನೇ ಸೇರಿಕೊಂಡಳು.

ಹಡಗೀನ ಎಂಜಿನ್ನ ಬಿಚ್ಚಿ ಜೋಡಿಸೋ ಮಗರಾಯ
ಅಡಿಗೇಯ ಮನೆಯ ನಲ್ಲಿಯು | ಸೋರಿದರೆ
ಹುಡುಕ್ಯಾನೆ ಫೋನಲ್ಲಿ ನಂಬರ

ಶೈಲಜಾ ಚಪ್ಪಾಳೆ ತಟ್ಟಿದಳು. ಆ ನಲ್ಲಿ ಎರಡು ವಾರದಿಂದ ಸೋರುತ್ತಿತ್ತು. "ಅಪ್ಪ, ಟ್ರಾನ್ಸ್‌ಲೇಟ್ ಮಾಡಿ, ಚೀಟ್ ಮಾಡ್ಬೇಡಿ" ಎಂದಳು ನಿಧಿ, ಫೋನಿನಲ್ಲಿ ರೆಕಾರ್ಡ್ ಮಾಡುತ್ತ. ಅಲ್ಲಿ ನಿಂತಿದ್ದ ಗಂಡಸರಲ್ಲಿ ಅರ್ಧದಷ್ಟು ಜನ ಹಡಗಿನ ಕೆಲಸದವರು. ಇಬ್ಬರು ನನ್ನ ಯಾರ್ಡಿಗೆ ತಪಾಸಣೆಗೆ ಬರುವವರು. ಒಂದು ಅಕ್ಷರ ಬಿಡದೆ ಅರ್ಥ ಹೇಳಿದೆ. ಅವರು ನಕ್ಕ ನಗು ಯಾರ್ಡಿನಲ್ಲಿ ಇನ್ನೂ ಮುಗಿದಿಲ್ಲ.

ಆಮೇಲೆ ಯಾರು ಯಾರಿಗೆ ಹಾಡುತ್ತಿದ್ದಾರೆ ಎಂಬ ಲೆಕ್ಕ ತಪ್ಪಿತು. ಅಮ್ಮನ ಮೂರು ಸಾಲು ಮುಗಿದ ಕೂಡಲೇ ಅವರು "ಲೀಗೋ" ಎಳೆಯುತ್ತಿದ್ದರು. ಅವರ ನಾಲ್ಕು ಸಾಲು ಮುಗಿದಾಗ ಅಮ್ಮ "ಸುವ್ವಿ" ಅನ್ನುತ್ತಿದ್ದಳು. ಎರಡೂ ಒಂದೇ ಕಲ್ಲಿನಲ್ಲಿ ಬೀಸಿದ ಹಾಗೆ ಹೊಂದಿಕೊಂಡವು. ಸೂರ್ಯ ತನ್ನ ಸಮಯಕ್ಕೆ ಸರಿಯಾಗಿ ಇಳಿದುಹೋದ. ಯಾರೂ ನೋಡಲಿಲ್ಲ.

ಪಾತ್ರೆ ಪಗಡ ಎತ್ತಿಡುವಾಗ ಬೆಲ್ಲದಮ್ಮ ನನ್ನ ಹತ್ತಿರ ಬಂದರು. "ನಾವು ಆರು ಜನ ಸೇರಿ ಒಂದು ಕಟ್ಟುವ ಹೊತ್ತಿಗೆ ಅವರು ಒಬ್ಬರೇ ಎರಡು ಕಟ್ಟುತ್ತಿದ್ದರು. ಯಾರು ಕಲಿಸಿದ್ದು ಅವರಿಗೆ?"

"ನಮ್ಮಜ್ಜಿ ಇರಬೇಕು" ಅಂದೆ. ಆಮೇಲೆ, ಅವರಿಗೆ ಗೊತ್ತೇ ಇದ್ದ ವಿಷಯವನ್ನು, ಯಾರೂ ಕೇಳದಿದ್ದರೂ, ಸ್ವಲ್ಪ ಜೋರಾಗಿಯೇ ಹೇಳಿದೆ: "ಅವರು ನನ್ನ ತಾಯಿ."

ಬೆಲ್ಲದಮ್ಮ ನನ್ನ ಬೆನ್ನು ತಟ್ಟಿದರು.

ಮರುದಿನ ಬೆಳಿಗ್ಗೆ ನಾನು ಬಾಗಿಲ ಬಳಿ ಕೂತು ಶೂ ಹಾಕಿಕೊಳ್ಳುತ್ತಿದ್ದೆ. ಅಮ್ಮ ಕೋಣೆಯಲ್ಲಿ ತನ್ನ ತಂಗಿಗೆ, ಅಂದರೆ ಊರಿನಲ್ಲಿರುವ ನನ್ನ ಚಿಕ್ಕಮ್ಮನಿಗೆ, ಫೋನ್ ಮಾಡಿದ್ದಳು. ಅಮ್ಮ ಫೋನಿನಲ್ಲಿ ಮಾತಾಡಿದರೆ ಫೋನೇ ಬೇಡ, ಊರಿಗೇ ಕೇಳಿಸುತ್ತದೆ.

"ಹೂಂ ಕಣೆ, ಹಾಡ್ದೆ. ಸಮುದ್ರದ ದಡದಲ್ಲಿ. ಹತ್ತೋ ಹನ್ನೆರಡೋ ಹೇಳಿರಬೇಕು. ಅದೇನ್ ಮಹಾ, ನಾವೇನ್ ಹಾಡಿಲ್ವಾ." ಆ ಕಡೆಯಿಂದ ಚಿಕ್ಕಮ್ಮ ಏನೋ ಕೇಳಿದಳು. ಅಮ್ಮನ ದನಿ ಇನ್ನೂ ಏರಿತು. "ಅವರಿಗೆ ಹೆಂಗ್ ಅರ್ಥ ಆಯ್ತದೆ ಕನ್ನಡ? ನನ್ ಮಗ ಹೇಳ್ದ. ಅಷ್ಟೂ ಜನದ ಮುಂದೆ ಎದ್ದು ನಿಂತ್ಕಂಡು, ಒಂದೊಂದ್ ಪದಕ್ಕೂ ಅರ್ಥ ಹೇಳ್ದ ಕಣೆ. ಒಂದನ್ನೂ ಬಿಡ್ನಿಲ್ಲ. ಎಷ್ಟ್ ಚೆನ್ನಾಗ್ ಹೇಳ್ದ ಅಂದ್ರೆ, ನೀನು ಇರ್ಬೇಕಿತ್ತು."

ಒಂದು ಕಾಲಿಗೆ ಶೂ ಹಾಕಿಯಾಗಿತ್ತು. ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು, ಅವಳು ಫೋನ್ ಇಡುವವರೆಗೂ ನಾನು ಅಲ್ಲೇ ಕೂತಿದ್ದೆ.